ಮಾಡಿದ್ದನ್ನು ಬರೆದಿಡೋಣ, ಬರೆದದ್ದನ್ನು ಹಂಚೋಣ

ಬೋಧನಾ ಅಭ್ಯಾಸಕ್ಕೆಂದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲ್ಲೂಕುಗಳ ಶಾಲೆಗಳಿಗೆ ಹೋಗುವ ನಾವು ಎಷ್ಟು ಬಗೆಯ ಬರವಣಿಗೆ ಮಾಡುತ್ತೇವೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಪಾಠಯೋಜನೆ, ಘಟಕ ಯೋಜನೆ, ಘಟಕ ಪರೀಕ್ಷೆಯ ನೀಲನಕ್ಷೆ, ಫಲಿತಾಂಶದ ವಿಶ್ಲೇಷಣೆ, ಸಹಪಾಠಿಗಳ ಪಾಠ ವೀಕ್ಷಣಾ ವರದಿ, ಕ್ರಿಯಾ ಸಂಶೋಧನೆ, ದಿನಚರಿ. ರಾತ್ರಿ ಹನ್ನೊಂದರವರೆಗೆ ಕೂತು ಬರೆದರೂ ಮುಗಿಯದ ರೆಕಾರ್ಡ್‌ಗಳಿವು. ಇಷ್ಟೊಂದು ಬರೆಯುವ ವಿಜ್ಞಾನ ಪ್ರಶಿಕ್ಷಣಾರ್ಥಿಗಳಾದ ನಮ್ಮ ಪಟ್ಟಿಯಲ್ಲಿ ಒಂದು ಬರಹ ಮಾತ್ರ ಇಲ್ಲ. ಯಾರೂ ಹೇಳದೆ, ಅಂಕಕ್ಕಲ್ಲದೆ, ಆಸೆಯಿಂದ ನಾವೇ ಕೈಯಾರೆ ಮಾಡಿ ನೋಡಿದ ಒಂದು ಪ್ರಯೋಗದ ಬರಹ ಅದು. ಮಕ್ಕಳ ಪಟ್ಟಿಯಲ್ಲೂ ಅದು ಇಲ್ಲ.

ಅದು ಇರಬೇಕು ಎಂಬುದು ನನ್ನ ವಾದ. ಹವ್ಯಾಸಕ್ಕೆ ಮಾಡಿದ ವಿಜ್ಞಾನದ ಕೆಲಸವನ್ನು ದಿನಾಂಕ, ಅಳತೆ, ಚಿತ್ರ, ಸೋಲು ಎಲ್ಲ ಸೇರಿಸಿ ಬರೆದಿಡುವುದು, ಮತ್ತು ಬರೆದದ್ದನ್ನು ಇನ್ನೊಬ್ಬರ ಕೈಗೆ ಕೊಡುವುದು. ಈ ಎರಡನ್ನೂ ನಾವು ಮೊದಲು ಮಾಡಿ, ಆಮೇಲೆ ಮಕ್ಕಳಿಂದ ಮಾಡಿಸಬೇಕು. ಇದು ಸಣ್ಣ ವಿಷಯದಂತೆ ಕಾಣಬಹುದು. ಆದರೆ ಹಳ್ಳಿಯ ಮಗು ತನ್ನನ್ನು ವಿಜ್ಞಾನಕ್ಕೆ ಸೇರಿದವಳು ಎಂದುಕೊಳ್ಳುತ್ತಾಳೋ ಇಲ್ಲವೋ ಎಂಬುದು ಇದರಿಂದ ತೀರ್ಮಾನವಾಗುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕೈಕೆಲಸದ ಬುದ್ಧಿಗೆ ಬರವಿಲ್ಲ. ಕೆ.ಆರ್.ನಗರದ ಗದ್ದೆ ಬಯಲಿನಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಜೋಡಿಸಬಲ್ಲ ಹತ್ತನೆಯ ತರಗತಿ ಹುಡುಗರಿದ್ದಾರೆ. ಎಚ್.ಡಿ.ಕೋಟೆಯ ಕಾಡಂಚಿನ ಊರುಗಳಲ್ಲಿ ಆನೆ ಬಂದರೆ ಸದ್ದು ಮಾಡಲು ದಾರ, ಡಬ್ಬ, ಗಂಟೆ ಕಟ್ಟುವ ಉಪಾಯಗಳನ್ನು ಮನೆಮನೆಯಲ್ಲೂ ಕಾಣಬಹುದು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್‌ಗಳಂತೂ ಶಾಖದ ಪಾಠಕ್ಕೆ ಸಿದ್ಧವಾಗಿ ನಿಂತ ಪ್ರಯೋಗಾಲಯಗಳು. ಆದರೂ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋದರೆ ಕಾಣುವುದೇನು? ಥರ್ಮೋಕೋಲಿನ ಜ್ವಾಲಾಮುಖಿ, ಥರ್ಮೋಕೋಲಿನ ಹೃದಯ, ಥರ್ಮೋಕೋಲಿನ ಮಳೆನೀರು ಕೊಯ್ಲು. ಸ್ಟೇಷನರಿ ಅಂಗಡಿಯಲ್ಲಿ ಸಿದ್ಧ ಮಾದರಿಯೇ ಸಿಗುತ್ತದೆ. ತಂದು ಬಣ್ಣ ಹಚ್ಚಿದರೆ ಆಯಿತು. ಮಗು ನಾಲ್ಕು ಸಾಲು ಇಂಗ್ಲಿಷಿನಲ್ಲಿ ಉರು ಹೊಡೆದು ಒಪ್ಪಿಸುತ್ತದೆ. ಮರುದಿನ ಮಾದರಿಗಳೆಲ್ಲ ಮುಖ್ಯ ಶಿಕ್ಷಕರ ಕೊಠಡಿಯ ಪಕ್ಕದ ಮೂಲೆ ಸೇರುತ್ತವೆ. ಏನು ಮಾಡಿದೆ, ಯಾಕೆ ಮಾಡಿದೆ, ಏನು ಕಂಡೆ ಎಂದು ಬರೆದ ಒಂದು ಹಾಳೆಯೂ ಉಳಿಯುವುದಿಲ್ಲ. ಬರೆಯಲು ಏನೂ ಇರುವುದಿಲ್ಲ ಎಂಬುದೇ ನಿಜ. ಅಂಗಡಿಯಿಂದ ತಂದ ವಸ್ತುವಿಗೆ ದಿನಚರಿ ಎಲ್ಲಿಂದ ಬರಬೇಕು?

ಸುಣ್ಣದ ಕೆಳಗೆ ಹೋದ ಲೆಕ್ಕ

ಅಭ್ಯಾಸ ಬೋಧನೆಯ ಅವಧಿಯಲ್ಲಿ ನಾನು ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಶಾಲೆಯ ಹೆಸರು ಬೇಡ. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಗುಜರಿ ಅಂಗಡಿಯಿಂದ ಹಳೆಯ ಇಸ್ತ್ರಿ ಪೆಟ್ಟಿಗೆ ತಂದು, ಅದರ ಒಳಗಿನ ಥರ್ಮೋಸ್ಟಾಟ್ ಬಿಚ್ಚಿ, ಬ್ಯಾಟರಿ ಮತ್ತು ಗಂಟೆಗೆ ಜೋಡಿಸಿ ಮನೆಯ ಬ್ಯಾರನ್ನಿನಲ್ಲಿ ಇಟ್ಟಿದ್ದ.

ಬ್ಯಾರನ್ನಿನ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಸಾಲಾಗಿ ತೂಗು ಹಾಕುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ಬಿಸಿ ಗಾಳಿ ಮತ್ತು ಹೊಗೆ ತಗಡಿನ ಕೊಳವೆಗಳಲ್ಲಿ ಹಾದು ಹೋಗುತ್ತವೆ. ಹೊಗೆ ಸೊಪ್ಪನ್ನು ಮುಟ್ಟುವುದಿಲ್ಲ, ಶಾಖ ಮಾತ್ರ ಮುಟ್ಟುತ್ತದೆ. ಮೊದಲು ಎಲೆ ಹಳದಿಯಾಗಲು 35ರಿಂದ 40 ಡಿಗ್ರಿ ಸೆಲ್ಸಿಯಸ್ ಸಾಕು. ಆಮೇಲೆ ನಿಧಾನವಾಗಿ ಏರಿಸುತ್ತ ಹೋಗಿ, ಕೊನೆಗೆ ಎಲೆಯ ನಡುನರ ಒಣಗಲು 70 ಡಿಗ್ರಿಯ ಹತ್ತಿರಕ್ಕೆ ತರಬೇಕು. ಇದೆಲ್ಲ ಐದಾರು ದಿನಗಳ ಕೆಲಸ. ರಾತ್ರಿ ಹೊತ್ತು ಸೌದೆ ಆರಿ ಶಾಖ ಇಳಿದರೆ ಸೊಪ್ಪು ಕೆಡುತ್ತದೆ. ಆದ್ದರಿಂದ ಮನೆಯವರಲ್ಲಿ ಯಾರಾದರೊಬ್ಬರು ನಿದ್ದೆಗೆಟ್ಟು ಕಾಯಬೇಕು. ಹೊಗೆಸೊಪ್ಪು ಬೆಳೆಯಬೇಕೋ ಬೇಡವೋ ಎಂಬ ಚರ್ಚೆ ಬೇರೆ, ಅದು ನಡೆಯಲೇಬೇಕಾದ ಚರ್ಚೆ. ಆದರೆ ಆ ಹುಡುಗನ ಮನೆಯ ನಿದ್ದೆಯ ಪ್ರಶ್ನೆ ಇವತ್ತಿನದು.

ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟಾಟಿನಲ್ಲಿ ಇರುವುದು ನಾವು ಪಾಠದಲ್ಲಿ ಹೇಳುವ ದ್ವಿಲೋಹ ಪಟ್ಟಿಯೇ. ಎರಡು ಲೋಹಗಳು ಒಂದೇ ಶಾಖಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ, ಬಾಗಿದಾಗ ಸಂಪರ್ಕ ಕಡಿಯುತ್ತದೆ. ಹುಡುಗ ಇದನ್ನು ತಿರುಗಿಸಿ ಯೋಚಿಸಿದ್ದ. ಒಳಗೆ ಬಿಸಿ ಇರುವ ತನಕ ಸಂಪರ್ಕ ಕಡಿದಿರುತ್ತದೆ, ಗಂಟೆ ಸುಮ್ಮನಿರುತ್ತದೆ, ಬ್ಯಾಟರಿಯೂ ಖರ್ಚಾಗುವುದಿಲ್ಲ. ಒಲೆ ಆರಿ ಶಾಖ ಇಳಿದರೆ ಪಟ್ಟಿ ಮತ್ತೆ ನೆಟ್ಟಗಾಗಿ ಸಂಪರ್ಕ ಕೂಡಿಕೊಂಡು ಗಂಟೆ ಹೊಡೆಯುತ್ತದೆ. ಅಂದರೆ ಬೆಂಕಿ ಆರಿದಾಗ ಎಬ್ಬಿಸುವ ಗಂಟೆ. ಇದು ಕೊನೆಯ ಹಂತದಲ್ಲಿ ಮಾತ್ರ ಕೆಲಸ ಮಾಡುತ್ತದೆ, ಮೊದಲ ಹಂತದ 35-40 ಡಿಗ್ರಿಗೆ ಪಟ್ಟಿ ಅಲುಗುವುದೇ ಇಲ್ಲ ಎಂಬುದನ್ನೂ ಅವನೇ ಕಂಡುಕೊಂಡಿದ್ದ. ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರೆ ಎಷ್ಟು ಡಿಗ್ರಿಗೆ ಗಂಟೆ ಹೊಡೆಯುತ್ತದೆ, ಅರ್ಧ ಸುತ್ತಿಗೆ ಎಷ್ಟು ಎಂದು ಬ್ಯಾರನ್ನಿನ ಥರ್ಮಾಮೀಟರ್ ನೋಡಿ ಗುರುತು ಹಾಕಿಕೊಂಡಿದ್ದನಂತೆ. ಬಿ.ಎಸ್ಸಿ.ಯಲ್ಲಿ ನಾವು ಅಂಶಾಂಕನ ಎಂದು ಬರೆದದ್ದು ಇದನ್ನೇ.

ಆ ಲೆಕ್ಕ ಎಲ್ಲಿದೆ ತೋರಿಸು ಎಂದು ಕೇಳಿದೆ. "ಗ್ವಾಡೆ ಮೇಲ್ ಬರ್ದಿದ್ದೆ ಮಿಸ್, ಅಪ್ಪ ಸುಣ್ಣ ಬಳುದ್ಬುಟ್ರು" ಅಂದ.

ಆ ವರ್ಷ ಶಾಲೆಯ ಪ್ರದರ್ಶನದಲ್ಲಿ ಅವನ ಗಂಟೆಗೆ ಸ್ಥಾನ ಸಿಗಲಿಲ್ಲ. ತುಕ್ಕು ಹಿಡಿದ ತಗಡು, ಎರಡು ತಂತಿ, ನೋಡಲು ಚೆನ್ನಾಗಿರಲಿಲ್ಲ. ಬಹುಮಾನ ಬಣ್ಣದ ಮಾದರಿಯೊಂದಕ್ಕೆ ಹೋಯಿತು. ಬಹುಮಾನದ ಬಗ್ಗೆ ನನಗೆ ಅಷ್ಟು ಬೇಸರವಿಲ್ಲ. ತೀರ್ಪುಗಾರರ ಎದುರು ಇಡಲು ಅವನ ಬಳಿ ಒಂದು ಹಾಳೆ ಇದ್ದಿದ್ದರೆ ಎಂಬುದು ನನ್ನ ಪ್ರಶ್ನೆ. ಮೂರು ಕಾಲಮ್ಮಿನ ಒಂದು ಕೋಷ್ಟಕ: ಸ್ಕ್ರೂ ಎಷ್ಟು ಸುತ್ತು, ಗಂಟೆ ಹೊಡೆದಾಗ ಎಷ್ಟು ಡಿಗ್ರಿ, ಯಾವ ರಾತ್ರಿ. ಅದಿದ್ದರೆ ಆಟದ ಸಾಮಾನಿನಂತೆ ಕಂಡದ್ದು ಉಪಕರಣವಾಗಿ ಕಾಣುತ್ತಿತ್ತು. ಪಕ್ಕದ ಊರಿನ ಇನ್ನೊಬ್ಬ ಹುಡುಗಿ ಅದನ್ನು ನೋಡಿ ಮುಂದಿನ ಹಂತಕ್ಕೆ ಒಯ್ಯಬಹುದಿತ್ತು. ಈಗ ಆಕೆ ಮತ್ತೆ ಇಸ್ತ್ರಿ ಪೆಟ್ಟಿಗೆ ಬಿಚ್ಚುವುದರಿಂದಲೇ ಆರಂಭಿಸಬೇಕು.

ದಾಖಲೆ ಇಲ್ಲದ ಜಾಣತನದ ಗತಿ ಇಷ್ಟೇ. ಮಾಡಿದವರ ಜೊತೆಗೇ ಅದು ಮುಗಿಯುತ್ತದೆ, ಇಲ್ಲವೇ ಸುಣ್ಣದ ಕೆಳಗೆ ಸೇರುತ್ತದೆ.

ಬರೆದವರಿಂದ ಏನಾಯಿತು

ಹವ್ಯಾಸ ಎಂದರೆ ಕಾಲಹರಣ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಅದನ್ನು ಅಳಿಸಲು ದೂರ ಹೋಗಬೇಕಿಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ.ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಸಣ್ಣ ಪ್ರೇಷಕವೊಂದನ್ನು ಇಟ್ಟುಕೊಂಡು ರೇಡಿಯೊ ಪ್ರಸಾರ ಆರಂಭಿಸಿದರು. ಅವರದು ಭೌತಶಾಸ್ತ್ರದ ಹುದ್ದೆಯಲ್ಲ, ಸರ್ಕಾರದ ಯೋಜನೆಯೂ ಅಲ್ಲ, ಸ್ವಂತ ಆಸಕ್ತಿ. ಆ ಮನೆಯ ನಿಲಯಕ್ಕೆ ಇದ್ದ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ರೇಡಿಯೊದ ಹೆಸರಾಯಿತು. ನಮ್ಮ ಜಿಲ್ಲೆಯ ಒಬ್ಬ ಮೇಷ್ಟರ ಹವ್ಯಾಸ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ? ಪ್ರಸಾರ ಎಂಬ ಕೆಲಸವೇ ಹಂಚುವ ಕೆಲಸ. ಅವರು ಆ ಯಂತ್ರವನ್ನು ಮನೆಯೊಳಗಿನ ಆಟವಾಗಿ ಇಟ್ಟುಕೊಂಡಿದ್ದರೆ ಇವತ್ತು ಅದರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ.

ಸಿ.ವಿ.ರಾಮನ್ ಅವರ ಕಥೆಯನ್ನು ಫೆಬ್ರವರಿ 28ರಂದು ನಾವು ಪ್ರತಿ ವರ್ಷ ಹೇಳುತ್ತೇವೆ. ಆದರೆ 1907ರಿಂದ 1917ರವರೆಗಿನ ಹತ್ತು ವರ್ಷ ಅವರು ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದರು ಎಂಬುದನ್ನು ಒತ್ತಿ ಹೇಳುವುದಿಲ್ಲ. ಕಚೇರಿಗೆ ಮೊದಲು ಬೆಳಗಿನ ಹೊತ್ತು, ಕಚೇರಿ ಮುಗಿದ ಮೇಲೆ ಸಂಜೆ ಹೊತ್ತು ಕೋಲ್ಕತ್ತದ ವಿಜ್ಞಾನ ಸಂಘದ ಪ್ರಯೋಗಾಲಯದಲ್ಲಿ ಕೆಲಸ. ತಂತಿವಾದ್ಯಗಳ ನಾದದ ಬಗ್ಗೆ ಪ್ರಯೋಗ. ಮಾಡಿದ್ದನ್ನು ಬಿಡದೆ ಬರೆದು ಪ್ರಕಟಿಸಿದ್ದರಿಂದಲೇ ಆ ಗುಮಾಸ್ತಿಕೆಯ ವರ್ಷಗಳಲ್ಲೂ ಅವರ ಹೆಸರು ವಿಜ್ಞಾನ ಲೋಕಕ್ಕೆ ಗೊತ್ತಾಯಿತು. ಅದಕ್ಕೂ ನೂರು ವರ್ಷ ಹಿಂದೆ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯುತ್ತಿದ್ದ ಮೈಕೆಲ್ ಫ್ಯಾರಡೆ 1812ರಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸ ಕೇಳಿ, ಚಿತ್ರಸಹಿತ ಬರೆದು, ತಾನೇ ರಟ್ಟು ಕಟ್ಟಿ ಅವರಿಗೆ ಕಳಿಸಿದ. 1813ರಲ್ಲಿ ಕೆಲಸ ಸಿಕ್ಕಿತು. ಮುಂದೆ ತನ್ನ ಪ್ರಯೋಗಗಳ ದಿನಚರಿಯನ್ನು ಅಂಕಿ ಹಾಕಿದ ಪ್ಯಾರಾಗಳಲ್ಲಿ ಬರೆಯುತ್ತ ಹೋದ. ಆ ಅಂಕಿ 16,000 ದಾಟಿತು. ಅದರಲ್ಲಿ ಫಲ ಕೊಡದ ಪ್ರಯೋಗಗಳೂ ಇವೆ.

ಇವರೆಲ್ಲ ದೊಡ್ಡವರು, ನಮ್ಮ ಮಕ್ಕಳಿಗೆ ಇದು ಹೊಂದುವುದೇ ಎಂದು ಕೇಳಬಹುದು. ಹಾಗಾದರೆ ಕನ್ನಡದ ರೈತರನ್ನೇ ನೋಡೋಣ. 1988ರಿಂದ ಪುತ್ತೂರಿನಿಂದ ಹೊರಡುತ್ತಿರುವ 'ಅಡಿಕೆ ಪತ್ರಿಕೆ' ಎಂಬ ಮಾಸಿಕವಿದೆ. ಅದು ಹಿಡಿದ ದಾರಿ ಕೃಷಿಕರ ಕೈಗೆ ಲೇಖನಿ ಕೊಡುವುದು. ಶ್ರೀ ಪಡ್ರೆ ಅವರಂಥ ಪತ್ರಕರ್ತರು ಜೊತೆಗೆ ನಿಂತು ರೈತರಿಗೆ ಬರೆಯುವುದನ್ನು ಕಲಿಸಿದರು. ಮರ ಹತ್ತುವ ಸಾಧನ, ನೀರು ಇಂಗಿಸುವ ವಿಧಾನ, ಹಲಸಿನ ಬಳಕೆ, ಇಂಥ ವಿಷಯಗಳನ್ನು ಮಾಡಿದವರೇ ಬರೆದಾಗ ಓದಿದವರು ತಮ್ಮ ತೋಟದಲ್ಲಿ ಮಾಡಿ ನೋಡಿದರು. ತಜ್ಞರ ಲೇಖನಕ್ಕೂ ಮಾಡಿದವರ ಲೇಖನಕ್ಕೂ ಇರುವ ಅಂತರ ಅಲ್ಲಿ ಗೊತ್ತಾಗುತ್ತದೆ. ಮಾಡಿದವರು ಖರ್ಚು ಹೇಳುತ್ತಾರೆ, ಎಲ್ಲಿ ಕೆಟ್ಟಿತು ಎಂದೂ ಹೇಳುತ್ತಾರೆ.

ಅಹಮದಾಬಾದಿನ ಪ್ರಾಧ್ಯಾಪಕ ಅನಿಲ್ ಗುಪ್ತ ಅವರು ಕಟ್ಟಿದ 'ಹನಿ ಬೀ' ಜಾಲದ್ದೂ ಇದೇ ನಿಲುವು. ಜೇನುನೊಣ ಹೂವಿನಿಂದ ಮಕರಂದ ತೆಗೆದರೂ ಹೂವು ಬಡವಾಗುವುದಿಲ್ಲ, ಪರಾಗ ಹಂಚಿ ಉಪಕಾರವೂ ಆಗುತ್ತದೆ. ಹಾಗೆಯೇ ಜನರ ಜಾಣ್ಮೆಯನ್ನು ದಾಖಲಿಸುವವರು ಅವರ ಹೆಸರನ್ನು ಮರೆಸಬಾರದು, ಅದನ್ನು ಅವರ ಭಾಷೆಯಲ್ಲೇ ಅವರಿಗೆ ಹಿಂದಿರುಗಿಸಬೇಕು. ಆ ಜಾಲದ ಸುದ್ದಿಪತ್ರ ಕನ್ನಡದಲ್ಲಿ ಬಂದಾಗ ಅದಕ್ಕೆ ಇಟ್ಟ ಹೆಸರು 'ಹಿತ್ತಲ ಗಿಡ'. ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆಗೆ ಕೊಟ್ಟ ಒಳ್ಳೆಯ ಉತ್ತರ ಅದು. ನಮ್ಮ ಶಾಲೆಗಳ ಹಿತ್ತಲಲ್ಲೂ ಇಂಥ ಗಿಡಗಳಿವೆ, ಗುರುತಿಸಿ ಹೆಸರು ಬರೆಯುವವರಿಲ್ಲ.

ಹೇಗೆ ಬರೆಯುವುದು

ದಾಖಲೆ ಎಂದ ಕೂಡಲೇ ಉದ್ದೇಶ, ಸಾಮಗ್ರಿ, ವಿಧಾನ, ತೀರ್ಮಾನ ಎಂಬ ಹಳೆಯ ರೆಕಾರ್ಡ್ ಕಣ್ಣಮುಂದೆ ಬರುತ್ತದೆ. ಎಡಪುಟದಲ್ಲಿ ಪೆನ್ಸಿಲ್ ಚಿತ್ರ, ಬಲಪುಟದಲ್ಲಿ ಎಲ್ಲರದೂ ಒಂದೇ ವಾಕ್ಯ. ಅಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ಸೋಲಿಗೆ ಜಾಗವೇ ಇರುವುದಿಲ್ಲ. ನಾನು ಹೇಳುತ್ತಿರುವ ದಾಖಲೆಗೆ ಆರು ಪ್ರಶ್ನೆ ಸಾಕು. ಏನು ಬೇಕಿತ್ತು? ಕೈಯಲ್ಲಿ ಏನಿತ್ತು, ಎಷ್ಟು ಖರ್ಚಾಯಿತು? ಯಾವ ದಿನ ಏನು ಮಾಡಿದೆ? ಅಳತೆ ಎಷ್ಟು ಬಂತು? ಎಲ್ಲಿ ಕೆಟ್ಟಿತು? ಯಾರು ನೆರವಾದರು? ಜೊತೆಗೆ ಕೈಯಿಂದ ಬರೆದ ಒಂದು ಚಿತ್ರ.

ಒಂದು ಉದಾಹರಣೆ ಕೊಡುತ್ತೇನೆ. ಎರಡು ಲೀಟರಿನ ಖಾಲಿ ತಂಪು ಪಾನೀಯದ ಬಾಟಲಿಯಿಂದ ಮಳೆಮಾಪಕ ಮಾಡುವುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಮೇಲಿನ ಭಾಗ ಕತ್ತರಿಸಿ, ತಲೆಕೆಳಗು ಮಾಡಿ ಬಾಯಿಗೆ ಕೂರಿಸಿದರೆ ಆಲಿಕೆಯಾಯಿತು. ಇಷ್ಟನ್ನೇ ಹೇಳಿದರೆ ಅದು ಮಾದರಿ. ದಾಖಲೆ ಇನ್ನೂ ಮುಂದೆ ಹೋಗಬೇಕು. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಅಲ್ಲಿಂದ ಅಳೆದರೆ ತಪ್ಪುತ್ತದೆ. ಕೆಲವು ಕಲ್ಲು ಹಾಕಿ, ಬಾಟಲಿ ನೇರವಾಗುವ ಮಟ್ಟದವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಎಂದು ಗೆರೆ ಎಳೆಯಬೇಕು. ಕಲ್ಲಿನಿಂದ ಬಾಟಲಿ ಗಾಳಿಗೆ ಬೀಳುವುದೂ ತಪ್ಪುತ್ತದೆ. ಆಲಿಕೆಯ ಬಾಯಿ ಮತ್ತು ಬಾಟಲಿಯ ಮೈ ಒಂದೇ ಅಗಲವಿದ್ದರೆ ಒಂದು ಮಿಲಿಮೀಟರ್ ನೀರು ಏರಿದರೆ ಒಂದು ಮಿಲಿಮೀಟರ್ ಮಳೆ. ಅಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್. ಅದರ ಬದಲು ಅಡುಗೆ ಮನೆಯ 12 ಸೆಂಟಿಮೀಟರ್ ಅಗಲದ ಆಲಿಕೆಯನ್ನು 8 ಸೆಂಟಿಮೀಟರ್ ಅಗಲದ ಬಾಟಲಿಗೆ ಇಟ್ಟರೆ ಲೆಕ್ಕ ಬದಲಾಗುತ್ತದೆ. ವಿಸ್ತೀರ್ಣ ವ್ಯಾಸದ ವರ್ಗದಂತೆ ಹೆಚ್ಚುವುದರಿಂದ ನೀರು 2.25 ಪಟ್ಟು ಏರುತ್ತದೆ. 22.5 ಮಿಲಿಮೀಟರ್ ಏರಿದರೆ ಬಿದ್ದ ಮಳೆ 10 ಮಿಲಿಮೀಟರ್ ಮಾತ್ರ. ವೃತ್ತದ ವಿಸ್ತೀರ್ಣ ಯಾಕೆ ಕಲಿಯಬೇಕು ಎಂದು ಕೇಳುವ ಮಗುವಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಮಾಪಕವನ್ನು ಮರ, ಗೋಡೆಗಳಿಂದ ದೂರ ಬಯಲಿನಲ್ಲಿಟ್ಟು, ಪ್ರತಿದಿನ ಬೆಳಿಗ್ಗೆ 8.30ಕ್ಕೆ ಓದಬೇಕು. ಭಾರತೀಯ ಹವಾಮಾನ ಇಲಾಖೆ ದಿನದ ಮಳೆಯನ್ನು ಅಳೆಯುವ ಹೊತ್ತು ಅದು. ಅದೇ ಹೊತ್ತನ್ನು ಪಾಲಿಸಿದರೆ ನಮ್ಮ ಅಂಕಿಯನ್ನು ಬೇರೆಯವರ ಅಂಕಿಯ ಪಕ್ಕ ಇಡಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಮಗುವಿನ ಬಾಟಲಿ ಆ ಯಂತ್ರಕ್ಕೆ ಎಷ್ಟು ಹತ್ತಿರ ಬಂತು ಎಂದು ನೋಡಬಹುದು. ಮನೆಯ ಹಿರಿಯರು ಮೃಗಶಿರ, ಆರಿದ್ರ, ಪುನರ್ವಸು ಎಂದು ಮಳೆಯ ಲೆಕ್ಕ ಇಟ್ಟಿರುತ್ತಾರೆ. ಅದನ್ನೂ ಒಂದು ಕಾಲಮ್ಮಿನಲ್ಲಿ ಬರೆದರೆ ಅಜ್ಜಿಯ ಮಾತೂ ಪರೀಕ್ಷೆಗೆ ಬರುತ್ತದೆ, ಅಜ್ಜಿಗೂ ಮರ್ಯಾದೆ ಸಿಗುತ್ತದೆ.

ಹಂಚಿಕೆಯ ಬೆಲೆ ಇಲ್ಲೇ ಕಾಣುವುದು. ಒಂದು ಶಾಲೆಯ ಒಂದು ಬಾಟಲಿ ಒಂದು ಊರಿನ ಮಳೆ ಹೇಳುತ್ತದೆ. ನಮ್ಮ ಪ್ರಶಿಕ್ಷಣಾರ್ಥಿಗಳು ನಾಲ್ಕು ತಾಲ್ಲೂಕುಗಳಲ್ಲಿ ಹರಡಿಕೊಂಡಿರುತ್ತೇವೆ. ಜೂನ್ ತಿಂಗಳಲ್ಲಿ ವಯನಾಡಿಗೆ ಹತ್ತಿರದ ಎಚ್.ಡಿ.ಕೋಟೆಯ ಪಶ್ಚಿಮ ಭಾಗದ ಒಂದು ಶಾಲೆ, ಕೊಡಗಿನ ಗಡಿಯ ಪಿರಿಯಾಪಟ್ಟಣದ ಒಂದು ಶಾಲೆ, ಹುಣಸೂರಿನ ಒಂದು ಶಾಲೆ, ಪೂರ್ವಕ್ಕಿರುವ ಕೆ.ಆರ್.ನಗರದ ಒಂದು ಶಾಲೆ, ಈ ನಾಲ್ಕರ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಮಳೆ ಪಶ್ಚಿಮದಿಂದ ಪೂರ್ವಕ್ಕೆ ಹೇಗೆ ಬದಲಾಗುತ್ತದೆ ಎಂಬುದನ್ನು ಮಕ್ಕಳೇ ಬಿಡಿಸಿ ನೋಡುತ್ತಾರೆ. ಕಬಿನಿ ಹುಟ್ಟುವುದು ವಯನಾಡಿನಲ್ಲಿ. ಇಲ್ಲಿ ಬಿಸಿಲಿದ್ದರೂ ಬೀಚನಹಳ್ಳಿಯ ಅಣೆಕಟ್ಟೆಗೆ ನೀರು ಯಾಕೆ ಬರುತ್ತದೆ ಎಂಬ ಪ್ರಶ್ನೆ ಆಗ ತಾನಾಗಿಯೇ ಹುಟ್ಟುತ್ತದೆ. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕು ಎಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳಿದ್ದನ್ನು ನಾವು ಪರೀಕ್ಷೆಯಲ್ಲಿ ಬರೆದಿದ್ದೇವೆ. ಅದು ಬಾಟಲಿಯ ರೂಪದಲ್ಲಿ ಹೀಗಿರುತ್ತದೆ.

ಕೆಲವು ಆಕ್ಷೇಪಗಳು

ಸಮಯ ಎಲ್ಲಿದೆ ಎಂಬುದು ಮೊದಲ ಆಕ್ಷೇಪ. ಮಾರ್ಗದರ್ಶಕ ಶಿಕ್ಷಕರ ಕಷ್ಟ ನನಗೆ ಅರ್ಥವಾಗುತ್ತದೆ. ಪಾಠ ಮುಗಿಸಬೇಕು, ಹತ್ತನೆಯ ತರಗತಿಯ ಫಲಿತಾಂಶ ತರಬೇಕು. ಆದರೆ ರೂಪಣಾತ್ಮಕ ಮೌಲ್ಯಮಾಪನಕ್ಕೆ ಚಟುವಟಿಕೆಗಳನ್ನು ಹೇಗೂ ಮಾಡಿಸಲೇಬೇಕು. ಈಗ ಅಲ್ಲಿ ಚಾರ್ಟ್ ಬರೆಸುತ್ತಿದ್ದೇವೆ. ಅದರ ಜಾಗದಲ್ಲಿ ಈ ದಾಖಲೆ ಬಂದರೆ ಹೆಚ್ಚಿನ ಸಮಯ ಬೇಡ, ವಾರಕ್ಕೆ ಹತ್ತು ನಿಮಿಷ ಸಾಕು.

ಎರಡನೆಯದು, ಇದರಲ್ಲಿ ಹೊಸದೇನಿದೆ ಎಂಬ ಪ್ರಶ್ನೆ. ಮಳೆಮಾಪಕ ಯಾರೋ ಎಂದೋ ಮಾಡಿದ್ದಾರೆ, ನಿಜ. ಆದರೆ ಈ ಊರಿನ ಈ ವರ್ಷದ ಮಳೆಯನ್ನು ಈ ಮಗುವಿನಷ್ಟು ಹತ್ತಿರದಿಂದ ನೋಡಿದವರು ಇಲ್ಲ. ಹೊಸ ಯಂತ್ರ ಬೇಕೆಂದರೆ ಮಕ್ಕಳು ಅಂಗಡಿಗೇ ಹೋಗುತ್ತಾರೆ. ತಾವೇ ಕಂಡದ್ದನ್ನು ಬರೆಯಿರಿ ಎಂದರೆ ಬಯಲಿಗೆ ಹೋಗುತ್ತಾರೆ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವೂ ಕೇಳುವುದು ಸ್ಥಳೀಯ ಸಮಸ್ಯೆ ಮತ್ತು ದಿನಚರಿ ಪುಸ್ತಕವನ್ನೇ. ಆದರೆ ಎಷ್ಟೋ ಕಡೆ ಆ ದಿನಚರಿ ಕೊನೆಯ ವಾರ ಒಂದೇ ಪೆನ್ನಿನಲ್ಲಿ, ಒಂದೇ ಕೂರಿಕೆಯಲ್ಲಿ ತಯಾರಾಗುತ್ತದೆ. ವರ್ಷವಿಡೀ ಬರೆಯುವ ರೂಢಿ ಇಲ್ಲದ ಕಡೆ ಸ್ಪರ್ಧೆಯ ಹೊತ್ತಿಗೆ ರೂಢಿ ಬರುವುದಿಲ್ಲ.

ಮೂರನೆಯದು, ಮೊಬೈಲಿನಲ್ಲಿ ವಿಡಿಯೊ ಮಾಡಿ ಕಳಿಸಿದರೆ ಸಾಲದೇ ಎಂಬುದು. ವಿಡಿಯೊ ಬೇಡ ಎನ್ನುವುದಿಲ್ಲ. ಕೈ ಹೇಗೆ ಆಡಿತು ಎಂದು ತೋರಿಸಲು ಅದು ಒಳ್ಳೆಯದು. ಆದರೆ ವಿಡಿಯೊದಲ್ಲಿ ಗೆದ್ದ ಗಳಿಗೆ ಮಾತ್ರ ಇರುತ್ತದೆ. ಗಂಟೆ ಹೊಡೆಯದ ಹತ್ತು ರಾತ್ರಿಗಳನ್ನು ಯಾರೂ ಚಿತ್ರಿಸುವುದಿಲ್ಲ. ಅಳತೆಯನ್ನು ಹುಡುಕಬೇಕಾದರೆ ಬರಹವೇ ಬೇಕು. ಮಕ್ಕಳ ಮುಖ, ಊರು, ಮನೆ ಎಲ್ಲರಿಗೂ ಹೋಗುವುದು ಸರಿಯೂ ಅಲ್ಲ. ಪೋಷಕರನ್ನು ಕೇಳದೆ ಅಂಥದ್ದನ್ನು ಹರಿಯಬಿಡಬಾರದು.

ನಾಲ್ಕನೆಯದು ಭಾಷೆ. ಮಗು ತನ್ನ ಕನ್ನಡದಲ್ಲಿ ಬರೆಯಲಿ. ಸ್ಕ್ರೂ, ವಾಷರ್, ಬುಷ್ ಎಂದು ಮೆಕ್ಯಾನಿಕ್ ಅಂಗಡಿಯ ಮಾತು ಬಂದರೆ ಬರಲಿ. ಅದಕ್ಕೆ ಪಾರಿಭಾಷಿಕ ಪದ ಹುಡುಕಿ ಕೆಂಪು ಶಾಯಿಯಲ್ಲಿ ತಿದ್ದಿದರೆ ಮುಂದಿನ ಪುಟ ಅದು ಬರೆಯುವುದಿಲ್ಲ. ತಿದ್ದಬೇಕಾದ್ದು ಅಳತೆಯ ಏಕಮಾನವನ್ನು. ಡಿಗ್ರಿ ಎಂದರೆ ಯಾವ ಡಿಗ್ರಿ, ಉದ್ದ ಎಂದರೆ ಎಲ್ಲಿಂದ ಎಲ್ಲಿಗೆ ಎಂದು ಕೇಳಬೇಕು.

ಐದನೆಯದು, ಹಂಚಿದರೆ ಬೇರೆಯವರು ಕದಿಯುತ್ತಾರೆ ಎಂಬ ಭಯ. ದಿನಾಂಕ ಹಾಕಿ, ಶಿಕ್ಷಕರ ಸಹಿ ಇರುವ ಪುಸ್ತಕ ಶಾಲೆಯಲ್ಲಿದ್ದರೆ ಇದನ್ನು ಯಾರು ಮೊದಲು ಮಾಡಿದರು ಎಂಬುದಕ್ಕೆ ಅದೇ ಸಾಕ್ಷಿ. ಆದರೆ ನಿಜವಾಗಿಯೂ ಹೊಸದಾದ, ಮಾರಾಟಕ್ಕೆ ಯೋಗ್ಯವಾದ ಸಾಧನ ಎನಿಸಿದರೆ ಎಚ್ಚರ ಬೇಕು. ಪೇಟೆಂಟ್ ಅರ್ಜಿ ಹಾಕುವ ಮೊದಲೇ ಎಲ್ಲರಿಗೂ ಪ್ರಕಟಿಸಿಬಿಟ್ಟರೆ ಸಾಮಾನ್ಯವಾಗಿ ಆ ಹಕ್ಕಿಗೆ ತೊಂದರೆಯಾಗುತ್ತದೆ. ಅಂಥ ಸಂದರ್ಭದಲ್ಲಿ ಮೊದಲು ಬರೆದಿಟ್ಟು, ತಳಮಟ್ಟದ ಆವಿಷ್ಕಾರಗಳಿಗಾಗಿ 2000ದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದಂಥ ಸಂಸ್ಥೆಯನ್ನು ಕೇಳಿ, ಆಮೇಲೆ ಹಂಚಬೇಕು. ಇದನ್ನು ಮಕ್ಕಳಿಗೆ ಹೇಳಿಕೊಡುವುದೂ ವಿಜ್ಞಾನ ಶಿಕ್ಷಕರ ಕೆಲಸವೇ.

ಕೊನೆಯದು ಸುರಕ್ಷತೆ. ಇದರಲ್ಲಿ ರಾಜಿ ಇಲ್ಲ. ನಮ್ಮ ಕಾಡಂಚಿನ ಊರುಗಳಲ್ಲಿ ಬೇಲಿಗೆ ನೇರವಾಗಿ ವಿದ್ಯುತ್ ಹರಿಸುವುದು ಜನರನ್ನೂ ಆನೆಗಳನ್ನೂ ಕೊಲ್ಲುತ್ತದೆ. ಅದು ಕಾನೂನಿಗೂ ವಿರುದ್ಧ. ಮಕ್ಕಳ ಪ್ರಯೋಗ ಬ್ಯಾಟರಿಗೆ ನಿಲ್ಲಬೇಕು. 230 ವೋಲ್ಟಿನ ತಂತಿಗೆ ಕೈ ಹಾಕುವ ಯಾವುದನ್ನೂ ಶಾಲೆಯ ಹೆಸರಿನಲ್ಲಿ ಮಾಡಿಸಬಾರದು. ಎಲ್ಲಿ ಕೆಟ್ಟಿತು ಎಂಬ ಪ್ರಶ್ನೆಗೆ ಬರೆದ ಉತ್ತರ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಯಾವ ತಂತಿ ಬಿಸಿಯಾಯಿತು, ಯಾವ ಬ್ಯಾಟರಿ ಉಬ್ಬಿತು ಎಂದು ಒಬ್ಬರು ಬರೆದರೆ ಇನ್ನೊಬ್ಬರ ಕೈ ಸುಡುವುದಿಲ್ಲ.

ನಾವು ಮಾಡಬಹುದಾದ್ದು

ಹಣದ ಮಾತು ಬಂದರೆ, ಆಯ್ದ ಶಾಲೆಗಳಿಗೆ 20 ಲಕ್ಷ ರೂಪಾಯಿಯ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಮಗುವಿಗೆ 10,000 ರೂಪಾಯಿ ಸಿಗುತ್ತದೆ. ಒಳ್ಳೆಯ ಯೋಜನೆಗಳೇ. ಆದರೆ ಇವೆರಡೂ ತಲುಪದ ಶಾಲೆಗಳೇ ನಮ್ಮ ಅಭ್ಯಾಸ ಬೋಧನೆಯ ಶಾಲೆಗಳಲ್ಲಿ ಹೆಚ್ಚು. ಅಲ್ಲಿಗೆ ಬೇಕಾಗಿರುವುದು ಇನ್ನೂರು ಪುಟದ ಒಂದು ಗೆರೆ ಪುಸ್ತಕ.

ನನ್ನ ಸಲಹೆ ಮೂರು. ಒಂದು, ವಿಜ್ಞಾನ ವಿಭಾಗದ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿ ಅಭ್ಯಾಸ ಬೋಧನೆಗೆ ಹೋಗುವ ಮೊದಲು ತನ್ನ ಸ್ವಂತ ಆಸೆಯ ಒಂದು ಪ್ರಯೋಗವನ್ನು ಮಾಡಿ, ಮೇಲಿನ ಆರು ಪ್ರಶ್ನೆಗಳಿಗೆ ಉತ್ತರ ಬರೆದಿರಬೇಕು. ಸೀನಿಯರ್ ರೆಕಾರ್ಡ್ ನೋಡಿ ಬರೆಯಲು ಆಗದ ಏಕೈಕ ಬರಹ ಇದಾಗಿರುತ್ತದೆ. ತಾನು ಬರೆಯದ ಶಿಕ್ಷಕಿ ಮಕ್ಕಳಿಗೆ ಬರೆ ಎಂದರೆ ಅವರು ನಂಬುವುದಿಲ್ಲ. ಎರಡು, ಈ ಪತ್ರಿಕೆಯ ಪ್ರತಿ ಸಂಚಿಕೆಯಲ್ಲಿ ಎರಡು ಪುಟ ಮಕ್ಕಳ ಪ್ರಯೋಗ ದಾಖಲೆಗೆ ಮೀಸಲಿಡಬೇಕು. ಒಳ್ಳೆಯದನ್ನು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ'ಕ್ಕೂ ಕಳಿಸಬಹುದು. ಮೂರು, ಇದು ಎಲ್ಲಕ್ಕಿಂತ ಮುಖ್ಯ: ನಾವು ಕೆಲವು ವಾರ ಇದ್ದು ಹೊರಟುಬರುತ್ತೇವೆ. ಬರುವಾಗ ಪಾಠೋಪಕರಣಗಳನ್ನು ಕಟ್ಟಿಕೊಂಡು ಕಾಲೇಜಿಗೆ ತರುತ್ತೇವೆ, ಅಂಕಕ್ಕೆ ತೋರಿಸುತ್ತೇವೆ. ಶಾಲೆಯಲ್ಲಿ ಏನನ್ನೂ ಬಿಟ್ಟು ಬರುವುದಿಲ್ಲ. ಇನ್ನು ಮುಂದೆ ಪ್ರತಿ ಅಭ್ಯಾಸ ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಒಂದು 'ಪ್ರಯೋಗ ದಾಖಲೆ ಪುಸ್ತಕ' ಬಿಟ್ಟು ಬರೋಣ. ಅದರಲ್ಲಿ ಮಕ್ಕಳು ತಮ್ಮ ಹೆಸರು, ತರಗತಿ, ದಿನಾಂಕ ಹಾಕಿ ತಾವು ಮನೆಯಲ್ಲಿ, ಹೊಲದಲ್ಲಿ, ಗ್ಯಾರೇಜಿನಲ್ಲಿ ಮಾಡಿದ್ದನ್ನು ಬರೆಯಲಿ. ಮುಂದಿನ ವರ್ಷ ಬರುವ ನಮ್ಮ ಜೂನಿಯರ್‌ಗಳು ಅಲ್ಲಿಂದ ಮುಂದುವರಿಸಲಿ.

ಈ ಪುಸ್ತಕ ಮಾರ್ಗದರ್ಶಕ ಶಿಕ್ಷಕರಿಗೆ ಹೊರೆಯಾಗಬಾರದು, ಇಲಾಖೆಗೆ ಕಳಿಸುವ ಇನ್ನೊಂದು ವರದಿಯೂ ಆಗಬಾರದು. ಅದಕ್ಕೆ ಅಂಕ ಕೊಡುವುದೂ ಬೇಡ. ಅಂಕ ಬಂದ ದಿನ ಅಂಗಡಿಯ ಮಾದರಿಯೂ ಬರುತ್ತದೆ. ತೆರೆದಿಟ್ಟ ಪುಸ್ತಕ, ಪಕ್ಕದಲ್ಲಿ ದಾರ ಕಟ್ಟಿದ ಒಂದು ಪೆನ್ನು ಇದ್ದರೆ ಸಾಕು. ಈ ಸಾಲಿನ ಅಭ್ಯಾಸ ಬೋಧನೆ ಮುಗಿಯುವ ಮೊದಲು ನಾಲ್ಕು ತಾಲ್ಲೂಕಿಗೆ ಒಂದೊಂದು ಶಾಲೆಯಂತೆ ನಾಲ್ಕು ಪುಸ್ತಕ ಇಡಲು ಯಾರು ಸಿದ್ಧರಿದ್ದೀರಿ? ಎಚ್.ಡಿ.ಕೋಟೆಯ ಪುಸ್ತಕವನ್ನು ನಾನು ವಹಿಸಿಕೊಳ್ಳುತ್ತೇನೆ. ಉಳಿದ ಮೂರಕ್ಕೆ ಹೆಸರು ಕೊಡಿ.